ಗೌಂಡಿಯ ಮಾವಿನ ಗಿಡ

ಗ್ವಾಡಿ ಸೀಳಿದರ ನನಗ ಗೊತ್ತು.
ಪಾಯ ಕುಂತದ್ದೋ, ಎರಿಮಣ್ಣು ಬ್ಯಾಸಗ್ಯಾಗ ಬಾಯಿ ಬಿಟ್ಟದ್ದೋ
ಬೆರಳಿಟ್ಟು ಹೇಳತೀನಿ.
ಅದಕ್ಕ, ಹಿತ್ತಲ ಆಪೂಸಿನ ಮೈ
ಮೊಳಕೈ ಉದ್ದ ಬಿರಿದ ವರ್ಷ
ಯಾರನ್ನೂ ಕೇಳಲಿಲ್ಲ.
ಒಂದಕ್ಕ ನಾಕು ಉಸುಕು, ಸಣ್ಣಗ ಸೋಸಿ,
ಥಾಪಿಲೆ ಮೆತ್ತಿ, ಮಟ್ಟಗೋಲು ಎಳದು,
ಮೂರು ದಿವಸ ಕ್ಯೂರಿಂಗೂ ಮಾಡಿದೆ.
ಹೆಂಡತಿ ನಕ್ಕಳು: ಮ್ಯಾಲ ಡಿಸ್ಟೆಂಪರ್ ಒಂದು ಹಚ್ಚಿಬಿಡ್ರಿ.

ಎರಡು ಮಳಿಗಾಲ ಹೋದವು.
ಸಿಮೆಂಟು ಇದ್ದಲ್ಲೇ ಇತ್ತು, ಗಿಡ ದಪ್ಪಾಗಿತ್ತು.
ನಡುವಿನ ಕೂದಲೆಳಿ ಸಂದಿನ್ಯಾಗ
ನೀರು ಇಳದು, ಇರುವಿ ಇಳದು,
ಕಂದು ಅಂಟು ಸೋರಿ
ಹುಳಿತ ಬೆಲ್ಲದ ವಾಸನಿ.

ನವಲೂರ ಪೇರಲ ಬುಟ್ಟಿ ಇಳಿಸಿ ನೀರು ಕೇಳಿದ ಮಕ್ತುಂಬಿ,
ಕೆಲಗೇರಿ ತೋಟದಾಗ ಮೂವತ್ತು ವರ್ಷ ಕಾಯಿ ಹರಿದಾಕಿ,
ಗಿಡಾ ನೋಡಿ, ನನ್ನ ನೋಡಿ,
“ಯಾರ ಕೆಲಸಪಾ ಇದು?” ಅಂದಳು.
ನಾ ಸುಮ್ಮನ ಚರಿಗಿ ಕೊಟ್ಟೆ.

“ಪಡುವಲಕ್ಕ ಏನಿತ್ತಿಲ್ಲೆ?”
ಬೇವು. ಪತ್ರಾಸ ಶೆಡ್ಡಿಗೆ ಅಡ್ಡ ಅಂತ ನಾನಽ ಕಡಿಸಿದೆ.
“ಹಂಗಾರ ಇಳಿಹೊತ್ತಿನ ಬಿಸಲು ನೇರ ತೊಗಲಿಗೆ.
ಹಗಲು ಸುಟ್ಟು ರಾತ್ರಿ ಥಂಡಿ.
ತಿಂಗಳಗಟ್ಟಲೆ ಒಣಗಿಸಿ, ಒಮ್ಮೆಲೆ ಪೈಪು ಬಿಟ್ಟಿರಬೇಕು.”
ಬಿಟ್ಟಿದ್ದೆ.
“ಪೇರಲ ಸಿಪ್ಪಿ ಬಿಟ್ಟರ ಅದರ ಚಾಳಿ.
ಮಾವು ಬಿಟ್ಟರ ಏನೋ ಹೇಳಾಕತ್ತೈತಿ.”

ಚಾಣ ಹಿಡದು ನನ್ನ ಕೆಲಸ ನಾನಽ ಒಡದೆ.
ಕೊಳತದ್ದು ಕೆರಿ, ಕೆರಿ,
ಹಸರು ಅಂಚು ಕಂಡಲ್ಲಿ ನಿಲ್ಲು ಅಂದಳು.
ಎಲ್ಲಿ ನಿಲ್ಲೂದಂತ ನನಗ ಯಾವ ಮೇಸ್ತ್ರಿನೂ ಕಲಿಸಿರಲಿಲ್ಲ.
ಒಂದು ಬಕೀಟಿನ್ಯಾಗ ಮೈಲುತುತ್ತ, ಇನ್ನೊಂದರಾಗ ಸುಣ್ಣ,
ಎರಡೂ ಪ್ಲಾಸ್ಟಿಕ್ಕಿನವು.
ಕೂಡಿಸಿ, ಕುಡಗೋಲ ತುದಿ ಅದ್ದಿ ನೋಡಿದಳು:
ಕಬ್ಬಿಣಕ್ಕ ಕೆಂಪು ಏರಿದರ ಸುಣ್ಣ ಸಾಲದು.
ಏರಿತು. ಮತ್ತೊಂದು ಮುಷ್ಟಿ.
ಈ ಸಲ ಏರಲಿಲ್ಲ.
ಆ ನೀಲಿ ಗಂಜಿ ಗಾಯಕ್ಕ ಹಚ್ಚಿ
ಉಳದ ಕಾಂಡಕ್ಕ ಎದಿಮಟ ಬರೇ ಸುಣ್ಣ ಬಳದೆ,
ಬೇವಿನ ನೆರಳಿನ ಬದಲಿ.
“ಬಾಯಿ ಮುಚ್ಚಬ್ಯಾಡ. ಗ್ವಾಡಿ ಆದರ ನೀ ತುಂಬಬೇಕು.
ಇದು ತಾನಽ ತುಂಬಕೋತೈತಿ.”

ಓಣಿ ಹುಡುಗರಿಗೆ ಬಿಳಿ ಗಿಡ ಸ್ಟಂಪಾತು.
ಚೆಂಡಿಗೆ ಸುಣ್ಣ ಹತ್ತಿದರ ಔಟು, ಜಗಳಿಲ್ಲ.
ನಾಕು ದಿನ ಬೈದೆ. ಆಮ್ಯಾಲ ಹಳೇ ಬುಟ್ಟಿ ಬೋರಲ ಹಾಕಿ
ಅದಕ್ಕೂ ಸುಣ್ಣ ಬಳದುಕೊಟ್ಟೆ.

ಈ ವರ್ಷ ಹೂವು ಕಮ್ಮಿ.
ಬಿರುಕಿನ ಎರಡೂ ಕಡೆ ತುಟಿಯಂಥ ದಂಡಿ ಎದ್ದೈತಿ,
ಬೆರಳ ದಪ್ಪ.
ಓಳಂಬ ಹಿಡದರ ಸೊಟ್ಟ.
ಹಿಡಿಯೂದಿಲ್ಲ.