ಅಂದಾಜು ಎರಡು

ಹಯ್ಯಾಳ ಮಾವನಿಗೆ ಜ್ವರ ಬಂದ ಹನ್ನೊಂದು ದಿನ
ಕೆರೆ ಕಾಯುವ ಪಾಳಿ ನನ್ನದಾಯಿತು.
ಹುಣಸಗಿ ರಸ್ತೆಗೆ ಬೆನ್ನು ಕೊಟ್ಟು ಕೂತ ಕೆರೆ,
ಏರಿಯ ಮೇಲೊಂದು ಜಾಲಿ,
ಜಾಲಿಗೆ ಕಟ್ಟಿದ ಎಣ್ಣೆ ಡಬ್ಬಿ, ಡಬ್ಬಿಗೊಂದು ಬಡಿಗೆ.
ಹಕ್ಕಿ ಇಳಿದರೆ ಬಡಿ. ಕೆಲಸ ಇಷ್ಟೇ.
ಮೀನಿನ ಟೆಂಡರು ಹಿಡಿದವರ ಮಾತು ಖಡಕ್ಕು:
‘ನೀರಾಗಿದ್ದದ್ದೆಲ್ಲ ನಮ್ಮದು.
ನೀರಿನ ಮ್ಯಾಲಿಂದು ಏನರ ಮಾಡ್ಕೋರಿ.’

ಮೊದಲ ದಿನ ರಟ್ಟೆ ನೋಯುವಷ್ಟು ಬಡಿದೆ.
ಬಾತುಗಳು ಎದ್ದವು, ಒಂದು ಸುತ್ತು ಹಾಕಿ
ಎದ್ದಲ್ಲೇ ಇಳಿದವು,
ಮದುವೆ ಮನೆಯಲ್ಲಿ ಕರೆಂಟು ಹೋಗಿ ಬಂದಷ್ಟು ಹೊತ್ತು.
ಸಂಜೆ ನೋಡಿದರೆ ಡಬ್ಬಿಯ ಮೇಲೆ
ನಾನು ಬಿಟ್ಟ ನೆಗ್ಗುಗಳೇ ಎಲ್ಲ, ಹಳೆಯದು ಒಂದೂ ಇಲ್ಲ.
ಮಾವ ಈ ಕೆಲಸಕ್ಕೆ ಸೇರಿ ಆರು ವರ್ಷ.

ಹಾಲಿನ ಪ್ಯಾಕೀಟಿನಲ್ಲಿ ಸುತ್ತಿಟ್ಟ ವಹಿ ಸಿಕ್ಕಿತು.
ಎಡಕ್ಕೆ ‘ಬಂದ ಹಕ್ಕಿ’, ಬಲಕ್ಕೆ ‘ಹೋದ ಮೀನು’.
ಬಲಕ್ಕೆ ಎಲ್ಲ ದಿನವೂ ಒಂದೇ ಲೆಕ್ಕ: ಅಂದಾಜು ಎರಡು.
ಎಡಕ್ಕೆ ಜಾಗ ಸಾಲದೆ ಅಂಚಿಗೆ ಹತ್ತಿದ ಅಕ್ಷರ:
‘ಬೆಳ್ಳಕ್ಕಿ ಕಾಲಿಲೆ ಕೆಸರು ಕಲಕತದ,
ಆಮ್ಯಾಲ ತನಗೇನೂ ಗೊತ್ತಿಲ್ಲದಂಗ ನಿಲ್ತದ.’
‘ನೀರುಕಾಗಿ ರೆಕ್ಕಿ ಒಣಾ ಹಾಕ್ಯಾದ. ಸಾವಕಾರನಂಗ ಕುಂತದ.’
‘ಬಿಳಿತಲಿ ಗರುಡ ದುಡಿಯಂಗಿಲ್ಲ. ನೋಡು.’
ಯಾರಿಗೆ ಬರೆದದ್ದು, ಈ ನೋಡು?

ನೋಡಿದೆ.
ಪುಷ್ಯದ ಚಳಿ, ಕಂಬಳಿಯೊಳಗೆ ಎರಡು ಕಣ್ಣು.
ಬೇವಿನ ತುದಿಯಲ್ಲಿ ಅದು:
ಸುಣ್ಣ ಬಳಿದ ತಲೆ, ಆವಿಗೆಯಿಂದ ಈಗಷ್ಟೇ ತೆಗೆದ
ಮಡಕೆಯ ಬಣ್ಣದ ಮೈ,
ಒಂದು ಕಾಲು ಮಡಚಿ, ಹಗಲಿಡೀ.
ಸಾಬಮ್ಮತ್ತೆ ಬುತ್ತಿ ತಂದಾಗಲೆಲ್ಲ
ಗರುಡನ್ನ ಕಂಡು ಬೆರಳು ಕಣ್ಣಿಗೊತ್ತಿಕೊಳ್ಳುತ್ತಾಳೆ.
ಶನಿವಾರವಾದರೆ ಎರಡು ಸಲ.

ಏಳನೆಯ ದಿನ ಮೀನುಗಿಡುಗ ಬಂತು.
ಗಾಳಿಯಲ್ಲಿ ನಿಂತಲ್ಲೇ ನಿಂತು, ಕಾಲು ಮುಂದೆ ಮಾಡಿ
ಕಲ್ಲಿನ ಹಾಗೆ ಬಿತ್ತು, ಹೆಗಲತನಕ ಮುಳುಗಿತು.
ಎದ್ದಾಗ ಕಾಲಲ್ಲಿ ಜಿಲೇಬಿ ಮೀನು.
ಹಾರುತ್ತಲೇ ಮೈ ಕೊಡವಿ,
ಬಸ್ಸಿನ ಇಕ್ಕಟ್ಟಿನಲ್ಲಿ ಟ್ರಂಕು ತಿರುಗಿಸಿಕೊಳ್ಳುವವರ ಹಾಗೆ
ಮೀನಿನ ತಲೆ ಮುಂದಕ್ಕೆ ಮಾಡಿಕೊಂಡಿತು.

ಆಗ ಬೇವು ಅಲುಗಿತು.

ಜಗಳವಿಲ್ಲ, ಉಗುರಿಲ್ಲ.
ಹಳೇ ಬಾಕಿ ಕೇಳುವವನ ಹಾಗೆ ಗರುಡ
ಹಿಂದೆ, ಮೇಲೆ, ಮತ್ತೆ ಹಿಂದೆ.
ಅದರ ದನಿ ಹೀಗೆಂದು ಯಾರೂ ಹೇಳಿರಲಿಲ್ಲ:
ಗಂಟಲು ಕಟ್ಟಿದ ಕರು.
ನಾಲ್ಕು ಸುತ್ತಿಗೆ ಗಿಡುಗ ಸೋತು ಬಿಟ್ಟುಕೊಟ್ಟಿತು.
ಮೀನು ಬಿಸಿಲಲ್ಲಿ ಎರಡು ಸಲ ಹೊರಳಿತು.
ಗರುಡ ಮಡಚಿಕೊಂಡು ಧುಮುಕಿತು,
ಒಂದು ಗೇಣಿನಲ್ಲಿ ತಪ್ಪಿತು.

ಪುಂಡಿಪಲ್ಯದ ಬುತ್ತಿಯ ಪಕ್ಕಕ್ಕೆ ದಪ್ಪೆಂದು ಬಿದ್ದದ್ದು
ಇನ್ನೂ ಕಿವಿರು ಆಡಿಸುತ್ತಿತ್ತು.
ಕಣ್ಣಿಗೆ ಹೊರಟ ಅತ್ತೆಯ ಬೆರಳು ನಡುವೆಯೇ ನಿಂತವು.
‘ಇಷ್ಟು ದಿನ ಕಳ್ಳಗ ಕೈ ಮುಗದೆನೇನ?’
ನಕ್ಕಳು. ನಕ್ಕು, ಕಣ್ಣಿಗೊತ್ತಿಕೊಂಡೇಬಿಟ್ಟಳು.
‘ಇರ್ಲಿ. ಅದಕ್ಕೂ ಹೊಟ್ಟಿ ಅದ.’

ಇದು ಯಾರದು?
ನೀರು ಬಿಟ್ಟದ್ದು, ಟೆಂಡರಿಗೆ ಸೇರಲಿಲ್ಲ.
ಹಿಡಿದದ್ದು ಆಗಲೇ ಕೆರೆಯ ಮೇಲೆ ಹೊಸದಾಗಿ ನಿಂತಿತ್ತು,
ದೂರು ದುಮ್ಮಾನ ಇಲ್ಲದೆ.
ಕದಿಯಬಂದದ್ದು ಬೇವಿಗೆ ಮರಳಿ, ಕಾಲು ಮಡಚಿ,
ನಮ್ಮನ್ನೇ ನೋಡುತ್ತಿತ್ತು.
ನಾವು ಹತ್ತು ಹೆಜ್ಜೆ ಸರಿದೆವು. ಬೆನ್ನು ತಿರುವಿ ಕೂತೆವು,
ಉಣ್ಣುವವರ ಬಾಯಿ ನೋಡಬಾರದು ಅಂತ.
ರೊಟ್ಟಿಯ ಮೇಲೆ ಒಂದು ನೆರಳು ಹಾಯಿತು.
ತಿರುಗಿದರೆ ಒದ್ದೆ ಮಣ್ಣು, ನಾಲ್ಕು ಹುರುಪೆ.
ಬೇವಿನ ತುದಿ ಖಾಲಿ.
ಜಾಲಿಯ ಮೇಲೊಂದು ಕಾಗೆ ಕೊಕ್ಕು ಒರೆಸಿಕೊಳ್ಳುತ್ತಿತ್ತು.

ಬರೆದೆ: ‘ಗಿಡುಗ ಒಂದು, ಗರುಡ ಒಂದು,
ಕಾಗಿ ಒಂದು, ಅದರ ಮ್ಯಾಲ ಸಂಶಯ ಅದ.
ಹೋದ ಮೀನು ಅಂದಾಜು ಎರಡು.’

ಹನ್ನೆರಡನೆಯ ದಿನ ಕಂಬಳಿ ಹೊದ್ದುಕೊಂಡೇ ಬಂದ ಮಾವ
ಡಬ್ಬಿಯ ನೆಗ್ಗುಗಳ ಮೇಲೆ ಕೈಯಾಡಿಸಿದ, ಏನೂ ಅನ್ನಲಿಲ್ಲ.
ವಹಿ ತೆರೆದ. ಬೆರಳಿಟ್ಟು ಸಾಲು ಸಾಲು ಓದಿದ.
ನಡೆದದ್ದೆಲ್ಲ ಹೇಳಿದೆ.
ಕೆರೆ ಕಡೆ ನೋಡುತ್ತಲೇ ಕೇಳಿದ:
‘ನೋಡು ಅಂತ ಬರದಿದ್ನಲ್ಲ,
ಬೆನ್ನು ಯಾಕ ತಿರುವಿದಿ?’