ಗಡಿಯಾಚೆಯ ಫೋನು

ಎಶ್ ಪಟ್ಟಣದ ಈ ಕಾಫಿಯಂಗಡಿಯಲ್ಲಿ
ಗಲ್ಲಾದ ಕೆಳಗೆ ಒಂದು ಚೌಕುಳಿ ಹಾಳೆಯ ನೋಟ್‌ಬುಕ್ಕು.
ಜೆಂಪಿಯದು. ಊದುಕುಲುಮೆಯೆದುರು
ಅರ್ಧ ಆಯುಷ್ಯ ಬೆಂದು, ಅದು ಆರಿದ ಮೇಲೆ ಅಂಗಡಿ ತೆರೆದವನದು.
ಪ್ರತಿ ಮೇ ತಿಂಗಳಿಗೊಂದು ಪುಟ:
ಎಡಕ್ಕೆ ದೇಶ, ಬಲಕ್ಕೆ ಅಂಕ,
ಎಲ್ಲ ಪೆನ್ಸಿಲಿನಲ್ಲಿ,
ಯಾವ ತೀರ್ಪನ್ನೂ ಪೂರ್ತಿ ನಂಬದವನ ಹಾಗೆ.

ತೊಂಬತ್ತಮೂರರ ನಂತರವೂ
ಲಕ್ಸೆಂಬರ್ಗ್ ಎಂದು ಬರೆಯುವುದು ಬಿಡಲಿಲ್ಲ.
ಎದುರಿಗೆ ಏನೂ ಇಲ್ಲ. ಸೊನ್ನೆಯೂ ಇಲ್ಲ.
"ಸೊನ್ನೆ, ಹಾಡಿದವರಿಗೆ ಸಿಗುವಂಥದ್ದು," ಎನ್ನುತ್ತಿದ್ದ.
ಜಗತ್ತೇ ಬಾಗಿಲು ಹಾಕಿಕೊಂಡ ಆ ಒಂದು ವರ್ಷ ಮಾತ್ರ
ಎಲ್ಲರ ಸಾಲೂ ಖಾಲಿ.
ಆ ಪುಟ ತೋರಿಸುವಾಗ
ಮೀಸೆಯಡಿ ನಗು ತಡೆಯುತ್ತಿದ್ದ, ಪಾಪಿ.

ನಾನು ಮಿಂದೆಲೋದವಳು, ಲೋಟ ತೊಳೆಯಲು ಬಂದವಳು.
ನನ್ನ ದ್ವೀಪವನ್ನು ಆ ಹಬ್ಬಕ್ಕೆ ಯಾರೂ ಕರೆದಿಲ್ಲ.
ಅವನ ಸಂಕಟ ನನಗೆ
ಹೊಟ್ಟೆ ತುಂಬಿದವರ ಉಪವಾಸದಂತೆ ಕಾಣುತ್ತಿತ್ತು.
ಒಮ್ಮೆ ಕೇಳಿಯೇಬಿಟ್ಟೆ:
"ಅಂದು ಗೆದ್ದಾಗ ಹಾಡಿದವರಾದರೂ ನಿಮ್ಮವರಾ?"
"ಹೆಚ್ಚಾಗಿ ಹೊರಗಿನವರು. ಎರವಲು ಕೊರಳು.
ಆದರೆ ಉಸಿರು ಬಿಗಿಹಿಡಿದು ಕೂತವರು ನಾವು, ಹುಡುಗಿ."

ಕೊನೆಗೂ ಬಂತು ಆ ಶನಿವಾರ.
ಚರ್ಚಿನಿಂದ ತಂದ ಕುರ್ಚಿ ಸಾಲದೆ
ಗಾರೆ ಕೆಲಸದ ಪೋರ್ಚುಗೀಸರು ಬಿಯರ್ ಪೆಟ್ಟಿಗೆಗಳ ಮೇಲೆ ಕೂತರು.
ನಮ್ಮ ಸರದಿ ಬಂದಾಗ ಯಾರೂ ಲೋಟ ಮುಟ್ಟಲಿಲ್ಲ.
ಮೂರು ನಿಮಿಷ.
ಮೂವತ್ತೊಂದು ವರ್ಷಕ್ಕೆ ಮೂರು ನಿಮಿಷ,
ಮೊಟ್ಟೆ ಗಟ್ಟಿಯಾಗಲೂ ಸಾಲದು.

ಜೆಂಪಿ ಫೋನು ಕೈಗೆತ್ತಿಕೊಂಡ.
ನಾನೇ ಹೇಳಬೇಕಾಯಿತು:
ತನ್ನ ದೇಶಕ್ಕೆ ತಾನು ಮತ ಹಾಕುವಂತಿಲ್ಲ,
ತನ್ನ ಬೆನ್ನು ತಾನೇ ತಟ್ಟಿಕೊಳ್ಳುವಂತಿಲ್ಲ.
ನನ್ನನ್ನೇ ನೋಡಿದ, ನಿಯಮ ಬರೆದವಳು ನಾನೇ ಎಂಬಂತೆ.
ಆಮೇಲೆ ಕೋಟು ತೊಟ್ಟ.

ನನ್ನ ಹಳೆಯ ಕಾರು, ಒಂದೇ ದೀಪ.
ಅಗ್ಗದ ಪೆಟ್ರೋಲ್ ಬಂಕುಗಳು ಮುಗಿದಲ್ಲಿ ದೇಶ ಮುಗಿಯಿತು,
ಒಂದು ನೀಲಿ ಫಲಕ, ಅಷ್ಟೇ.
ಆ ಗಡಿ ನೆಲದ ಮೇಲಿನ ಮಾತು.
ಕೆಳಗೆ ಕೆಂಪು ಅದಿರಿನ ಪದರಕ್ಕೆ ಯಾರೂ ತಿಳಿಸಿರಲಿಲ್ಲ:
ಜೆಂಪಿಯ ಅಣ್ಣ, ಕ್ಷೌರಿಕ ಬೂಜೆಮಾನ ಅಪ್ಪ
ಒಂದೇ ಸುರಂಗದಲ್ಲಿ ಕೆಮ್ಮಿದವರು.

ಬೂಜೆಮಾ ಪೈಜಾಮದಲ್ಲೇ ಬಾಗಿಲು ತೆರೆದ.
ತನ್ನ ಫ್ರೆಂಚ್ ಫೋನು ಚಾಚಿ,
"ನಿನ್ನ ಬೆನ್ನು ನಾನು ತಟ್ಟುತ್ತೇನೆ,
ನನ್ನ ಬಿಲ್ಲು ನೀನು ಕಟ್ಟು," ಎಂದ.
ಸುಟ್ಟು ಮರಗಟ್ಟಿದ ಬೆರಳಿಗೆ ಗಾಜಿನ ಪರದೆ ಸೋಲುತ್ತಿರಲಿಲ್ಲ.
ಮೂಗಿನ ತುದಿಯಿಂದ ಒತ್ತಿದ.
ಇಪ್ಪತ್ತು ಸಲ. ಅದಕ್ಕಿಂತ ಹೆಚ್ಚು ಬಿಡುವುದಿಲ್ಲ.

ಮರಳುವಾಗ ಕಾರಿನ ರೇಡಿಯೊದಲ್ಲಿ
ಯಾವುದೋ ದೂರದ ಊರಿನ ಹೆಣ್ಣು
ಲಕ್ಸೆಂಬರ್ಗ್ ಎಂದಳು, ತಪ್ಪು ಉಚ್ಚಾರದಲ್ಲಿ.
"ಗಾಡಿ ನಿಲ್ಲಿಸು," ಎಂದ ಜೆಂಪಿ.
ಬಂಕಿನ ಬೆಳಕಿನಲ್ಲಿ ನಿಂತೆವು.
ಅವಳು ಮತ್ತೆ ಹೇಳಲಿಲ್ಲ.

ಎಷ್ಟು ಅಂಕ ಬಂತೋ ನನಗೆ ನೆನಪಿಲ್ಲ, ನೋಟ್‌ಬುಕ್ಕಿನಲ್ಲಿದೆ.
ಸೋಮವಾರ ಗಲ್ಲಾ ಒರೆಸುವಾಗ ತೆರೆದು ನೋಡಿದೆ:
ಎಲ್ಲ ದೇಶಗಳ ಕೆಳಗೆ, ಅಂಚಿಗೊತ್ತಿ,
ಕೇಪ್ ವರ್ಡ್ ಎಂದು ಬರೆದಿದ್ದ.
ಎದುರಿಗೆ ಏನೂ ಇಲ್ಲ.
ಸೊನ್ನೆಯೂ ಇಲ್ಲ.