ಹಲವು ಮಕ್ಕಳ ತಾಯಿ ಬೇರು

ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ
ಬಾಯಿಬಿಟ್ಟು ಕೇಳಲಾರದೆ ಚೀಟಿ ಕೊಟ್ಟೆ.
ಗುತ್ಯಮ್ಮ ಬರೆಸಿದ್ದು:
ಸೊಗದೆ, ಲಾವಂಚ, ಅಶೋಕದ ಚಕ್ಕೆ,
ಕೊನೆಗೆ ಇನ್ನೊಂದು.

ಅದನ್ನೇ ಸೆಟ್ಟರು ಒಳಗಿನ ಹುಡುಗನಿಗೆ ಕೂಗಿದರು:
"ಹಲವು ಮಕ್ಕಳ ತಾಯಿ ಬೇರು, ನೂರು ಗ್ರಾಂ!"
ಸಾಲಿನಲ್ಲಿದ್ದ ನಾಲ್ವರೂ ತಿರುಗಿದರು.
ಕಿವಿಯಿಂದ ಬೆನ್ನಿಗಿಳಿಯಿತು ಬೆಂಕಿ,
ನಾಚಿಕೆಯದೋ, ವಯಸ್ಸಿನದೋ.

ಒಂದೂ ಹೆರದವಳು ನಾನು.
ತಿಂಗಳು ತಿಂಗಳು ಬಂದು
ಇಲ್ಲ, ಈ ಸಲವೂ ಇಲ್ಲ ಅನ್ನುತ್ತಿದ್ದುದು
ಯುಗಾದಿಯಿಂದೀಚೆ ಅದನ್ನು ಹೇಳಲೂ ಬಂದಿಲ್ಲ.

ರಾತ್ರಿ ಎರಡಕ್ಕೆ ಒದ್ದೆ ರವಿಕೆ ಬದಲಿಸಿ
ಪೊಟ್ಟಣ ಬಿಚ್ಚಿದೆ.
ಒಂದೇ ಬುಡಕ್ಕೆ ಜೋತ ಎಷ್ಟೊಂದು ಬೆರಳು!
ಜಜ್ಜಲು ಕೈ ಬರಲಿಲ್ಲ;
ಇಡಿಯಾಗಿಯೇ ಹಾಲಿಗೆ ಹಾಕಿ
ಸಣ್ಣ ಉರಿಯಲ್ಲಿಟ್ಟು ನಿಂತೆ.

ಸಕ್ಕರೆ ಕೂಡದು ಅಂದಿದ್ದಳು ಗುತ್ಯಮ್ಮ.
ಎರಡು ಚಮಚ ಹಾಕಿದೆ.